ಕೋಡಿನ ದೇವರ ಕಟ್ಟು

ನನ್ನ ತಂಗಿ ಟ್ಯಾರೋ ಕಾರ್ಡಿನ ಮೂರು ಕಟ್ಟುಗಳನ್ನು ಅಂಗಡಿಗೆ ತಂದು, ಗಾಜಿನ ಕೌಂಟರಿನ ಮೇಲೆ ಸಾಲಾಗಿ ಇಟ್ಟು, "ಅಕ್ಕಾ, ಬಣ್ಣದ ವಿಷಯದಾಗ ನಿನ್ನ ಕಣ್ಣು ತಪ್ಪೋದಿಲ್ಲ. ಇದರಾಗ ಚಲೋದು ಯಾವುದು ಐತಿ, ಹೇಳು" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ವಾರ ಅವಳನ್ನು ನೋಡಲು ರಾಯಚೂರಿನ ಕಡೆಯಿಂದ ಗಂಡಿನ ಮನೆಯವರು ಬರುವವರಿದ್ದರು. ಆ ಮದುವೆ ಅವಳಿಗೆ ಸುತರಾಂ ಬೇಡವಾಗಿತ್ತು. ಬೇಡ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿಯೂ ಆಗಿತ್ತು, ಯಾರೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಇಂಥ ಹೊತ್ತಿನಲ್ಲಿ ಈ ಮಹಾತಾಯಿ ಚಿತ್ರದ ಎಲೆಗಳನ್ನು ಆರಿಸಲು ಕೂತಿದ್ದಳು.

ಆಂಧ್ರಕ್ಕೆ ಸೇರಿದ ಆದವಾನಿಯ ಬಟ್ಟೆ ಬಜಾರಿನಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲು ಕೊಡುವುದು ನನ್ನ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ತಲೆಯಾಡಿಸುವವರನ್ನು ನಾನು ನಂಬುವುದಿಲ್ಲ. ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರೆ ಅದರ ನಿಜ ಗೊತ್ತಾಗುತ್ತದೆ. ಮನುಷ್ಯರನ್ನೂ ಹಾಗೆ ಬಾಗಿಲಿಗೆ ತರುವ ಅನುಕೂಲ ಇದ್ದಿದ್ದರೆ ಎಷ್ಟೋ ಮದುವೆಗಳು ತಪ್ಪುತ್ತಿದ್ದವು.

ತಂಗಿಯ ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ, ಅಣ್ಣನ ಮನೆಗೆ ಬಂದಿದ್ದಳು. ಮಕ್ಕಳಿಲ್ಲ. ಮೊದಮೊದಲು ಗೋಡೆ ನೋಡುತ್ತಾ ಕೂರುತ್ತಿದ್ದವಳು ಬರಬರುತ್ತಾ ನನ್ನ ಅಂಗಡಿಗೆ ಬಂದು ಕೆಲಸ ಹಂಚಿಕೊಂಡಳು, ಗಿರಾಕಿಗಳ ಜೊತೆ ತೆಲುಗಿನಲ್ಲಿ ಜಗಳ ಆಡುವುದನ್ನು ಕಲಿತಳು, ಮಿರ್ಚಿ ಬಜ್ಜಿ ತರಿಸಿ ತಿಂದು ನಗತೊಡಗಿದಳು. ಅವಳು ನಗತೊಡಗಿದ್ದೇ ಅಣ್ಣನಿಗೆ ಚಿಂತೆ ಹತ್ತಿತು. ಅವನು ಹತ್ತಿ ಮಾರ್ಕೆಟ್ಟಿನಲ್ಲಿ ಅಡತಿ ವ್ಯಾಪಾರಿ. ಹತ್ತಿಯ ಒಂದು ಎಳೆ ಹಿಡಿದು ಎಳೆದು ಅದರ ಗುಣ ಹೇಳುತ್ತಾನೆ, ಆದರೆ ಒಂದೇ ಮನೆಯಲ್ಲಿರುವ ತಂಗಿಯ ಮುಖ ನೋಡಿ ಅವಳು ಸುಖವಾಗಿದ್ದಾಳೆ ಎಂದು ಹೇಳಲಾರ. ಉಡಿಕೆಗೆ, ಅಂದರೆ ಎರಡನೆಯ ಮದುವೆಗೆ, ಒಂದು ಗಂಡು ಹುಡುಕಿ ತಂದ. ಹೆಂಡತಿ ಸತ್ತ ಹತ್ತಿ ಗಿರಣಿಯ ಸಾಹುಕಾರ, ಬೆಳೆದ ಎರಡು ಮಕ್ಕಳು, ದೊಡ್ಡ ಮನೆ, ಅಡಿಗೆಗೆ ಜನ ಇಲ್ಲ. ಅಡಿಗೆಗೆ ಜನ ಇಲ್ಲ ಎನ್ನುವುದನ್ನು ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದರು.

"ನನಗ ಬ್ಯಾಡಣ್ಣಾ. ನಾ ಈಗ ಆರಾಮದೀನಿ" ಎಂದಳು ತಂಗಿ, ಊಟಕ್ಕೆ ಬಡಿಸುತ್ತಾ.

"ಮೊದಲಿಗೆ ಎಲ್ಲಾರೂ ಹಂಗ ಅಂತಾರ" ಎಂದು ಅಣ್ಣ ಮಜ್ಜಿಗೆ ಹಾಕಿಸಿಕೊಂಡ.

ಇನ್ನೊಂದು ಸಲ ಅತ್ತು ಹೇಳಿದಳು. ಅಳುವುದೂ ಒಪ್ಪಿಗೆಯ ಒಂದು ರೀತಿ ಎಂದು ಅವನು ತೀರ್ಮಾನಿಸಿದ. ಆಮೇಲೆ ನಮ್ಮ ಹಳ್ಳಿಗೆ ಹೋಗಿ ಗುಡಿಯಲ್ಲಿ ಹೂ ಕೇಳಿಸಿದ. ದೇವರ ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಹೂವು ಅಂಟಿಸುತ್ತಾರೆ. ಬಲದ ಹೂ ಮೊದಲು ಬಿದ್ದರೆ ಕೆಲಸ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು ದೇವರ ಅಪ್ಪಣೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ವಿಷಯವೆಲ್ಲ ಹೀಗೇ ತೀರ್ಮಾನವಾಗುತ್ತಾ ಬಂದಿದೆ. ಗಂಡುಮಕ್ಕಳ ವ್ಯಾಪಾರಕ್ಕೆ ಯಾರೂ ಹೂ ಕೇಳಿಸಿದ್ದನ್ನು ನಾನು ಕಂಡಿಲ್ಲ. ಅದಕ್ಕೆ ಮಾರ್ಕೆಟ್ ರೇಟು ಕೇಳುತ್ತಾರೆ.

ಅಣ್ಣ ಸಂಜೆ ಬಂದು, ಬಾಗಿಲಲ್ಲೇ ನಿಂತು, "ಬಲಕ್ಕ ಆತು! ಇನ್ನ ಅಯಿಪೋಯಿಂದಿ, ಮುಗೀತು" ಎಂದು ಅರ್ಧ ತೆಲುಗಿನಲ್ಲಿ ಸಾರಿದ. ಎಲ್ಲರೂ ಕೈಮುಗಿದರು. ಹೂವಿನ ಮೇಲೆ ಮಾತಾಡುವ ಹಾಗಿಲ್ಲ. ತಂಗಿಯ ಬಾಯಿಗೆ ಬೀಗ ಬಿತ್ತು. ಅದಾಗಿ ಕೆಲವೇ ದಿನಕ್ಕೆ ಅವಳು ಫೋನಿನಲ್ಲಿ ಈ ಮೂರು ಕಟ್ಟುಗಳನ್ನು ತರಿಸಿದಳು.

ಟ್ಯಾರೋ ಎಂದರೆ ಇಸ್ಪೀಟಿನ ದೂರದ ನೆಂಟ. ಆಡುವುದಿಲ್ಲ, ಎಲೆ ತೆಗೆದು ಮುಂದೇನು ಎಂದು ಕೇಳುತ್ತಾರೆ. ರಾಜ, ರಾಣಿ, ಸಾವು, ಚಂದ್ರ, ಗೋಪುರ ಎಂದು ಒಂದೊಂದಕ್ಕೂ ಒಂದು ಚಿತ್ರ, ಒಂದು ಅರ್ಥ. ಇದನ್ನು ಕಲಿಸುವ ವಿಡಿಯೋಗಳನ್ನು ತಂಗಿ ನನಗೂ ತೋರಿಸಿದ್ದಳು. ಉದ್ದ ಉಗುರಿನ ಹೆಂಗಸೊಬ್ಬಳು ಪೆಟ್ಟಿಗೆಯ ಮೇಲೆ ಟಕಟಕ ಕುಟ್ಟುತ್ತಾಳೆ, ಮುಚ್ಚಳವನ್ನು ಕೂಸಿನ ಬಟ್ಟೆ ಬಿಚ್ಚಿದಂತೆ ಮೆಲ್ಲಗೆ ಬಿಚ್ಚುತ್ತಾಳೆ, ಎಲೆಗಳ ವಾಸನೆ ನೋಡುತ್ತಾಳೆ, "ಈ ಕಟ್ಟು ನನ್ನ ಜೊತೆ ಮಾತಾಡುತ್ತಿದೆ" ಎನ್ನುತ್ತಾಳೆ. ನಾನು ಇಷ್ಟು ವರ್ಷ ಬಟ್ಟೆಯ ಥಾನು ಬಿಚ್ಚಿದ್ದೇನೆ, ಒಂದೂ ನನ್ನ ಜೊತೆ ಮಾತಾಡಿಲ್ಲ. ಮಾತಾಡಿದ್ದರೆ ಮಡಚಿ ಮೇಲಿನ ಕಪಾಟಿಗೆ ಹಾಕುತ್ತಿದ್ದೆ.

ಇವು ಮಾಮೂಲಿ ಟ್ಯಾರೋ ಅಲ್ಲವಂತೆ. ಪಶ್ಚಿಮ ದೇಶದವರು ಚರ್ಚಿಗೆ ಹೋಗಲು ಶುರು ಮಾಡುವ ಮುಂಚೆ ಪೂಜಿಸುತ್ತಿದ್ದ ಹಳೆಯ ದೇವರುಗಳ ಟ್ಯಾರೋ. ಪೇಗನ್ ಎನ್ನುತ್ತಾರೆ ಎಂದು ತಂಗಿ ವಿವರಿಸಿದಳು. ಅವರ ಹಿರಿಯರು ಮರದ ಪೂಜೆ ಬಿಟ್ಟು ಮರ ಕಡಿದರು. ಈಗ ಮೊಮ್ಮಕ್ಕಳು ಅದೇ ಮರವನ್ನು ಕಾಗದ ಮಾಡಿ, ಅದರ ಮೇಲೆ ಮರದ ದೇವರನ್ನು ಅಚ್ಚು ಹಾಕಿ, ನಮಗೆ ಮಾರುತ್ತಿದ್ದಾರೆ. ನನ್ನ ಅಂಗಡಿಯ ಹಿಂದೆ ಒಂದು ಬೇವಿನ ಮರವಿದೆ. ಅದಕ್ಕೆ ಅರಿಶಿನ ಬಳಿದು ಹಸಿರು ಬಳೆ ಕಟ್ಟಿದ್ದಾರೆ. ಆ ದೇವತೆಗೆ ಕೈಪಿಡಿ ಇಲ್ಲ, ಚಿನ್ನದ ಅಂಚಿನ ಪೆಟ್ಟಿಗೆ ಇಲ್ಲ. ಹೋಟೆಲಿನವನು ದಿನಾ ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೇ ಚೆಲ್ಲುತ್ತಾನೆ. ಹತ್ತಿರದ ದೇವರಿಗೆ ಎಲ್ಲ ಊರಲ್ಲೂ ಇದೇ ಮರ್ಯಾದೆ ಇರಬೇಕು.

ಸರಿ, ಕೇಳಿದ್ದಾಳೆ, ನೋಡೋಣ ಎಂದು ಮೂರನ್ನೂ ಬಾಗಿಲಿಗೆ ಒಯ್ದೆ.

ಮೊದಲನೆಯದು ಹಿಮದ ನಾಡಿನ ದೇವರುಗಳದು. ಎಲ್ಲರಿಗೂ ಗಡ್ಡ, ಎಲ್ಲರ ಕೈಯಲ್ಲೂ ಕೊಡಲಿ. ದೊಡ್ಡ ದೇವರಿಗೆ ಒಂದೇ ಕಣ್ಣು, ಜ್ಞಾನಕ್ಕೆ ಬದಲಾಗಿ ಇನ್ನೊಂದನ್ನು ಕೊಟ್ಟನಂತೆ. ಆಮೇಲೆ ಮರಕ್ಕೆ ತಲೆಕೆಳಗಾಗಿ ನೇತುಹಾಕಿಕೊಂಡನಂತೆ, ಅದೂ ಜ್ಞಾನಕ್ಕೇ. ಇಷ್ಟೆಲ್ಲ ಕಷ್ಟಪಟ್ಟು ಪಡೆದ ಜ್ಞಾನದಿಂದ ಏನು ಮಾಡಿದ ಎಂದು ಕಟ್ಟಿನ ಜೊತೆ ಬಂದ ಕೈಪಿಡಿಯಲ್ಲಿ ಹುಡುಕಿದೆ. ಯುದ್ಧ ಮಾಡಿದ. ಆದರೆ ಕಾಗದ ಒಳ್ಳೆಯದು, ದಪ್ಪ, ನುಣುಪಿನ ಲೇಪ. ನೀಲಿ ಮತ್ತು ಬೂದು ಬಣ್ಣ ಬಿಸಿಲಲ್ಲೂ ನಿಲ್ಲುವಂಥವು. ಬಟ್ಟೆಯಾಗಿದ್ದರೆ ಗ್ಯಾರಂಟಿ ಕೊಟ್ಟು ಮಾರಬಹುದಿತ್ತು.

ಎರಡನೆಯದು ಮಾಟಗಾತಿಯರದು. ನೇರಳೆ ಬಣ್ಣ, ನೇರಳೆಯ ಮೇಲೆ ಮತ್ತೆ ನೇರಳೆ, ಅಂಚಿಗೆ ಚಿನ್ನ. ಹಬ್ಬದ ಮುಂಚೆ ಅವಸರಕ್ಕೆ ಬರುವ ಅಗ್ಗದ ಸೀರೆಗಳಿಗೆ ಇಂಥ ಬಾರ್ಡರ್ ಇರುತ್ತದೆ. ಎಲೆಗಳಲ್ಲಿ ಇರುವ ಹೆಂಗಸರಿಗೆಲ್ಲ ಒಂದೇ ವಯಸ್ಸು, ಒಂದೇ ಸೊಂಟ, ಮಂಡಿಯವರೆಗೆ ಎಣ್ಣೆ ಕಾಣದ ಕೂದಲು. ಪ್ರತಿಯೊಬ್ಬಳ ಕೈಯಲ್ಲೂ ಪೊರಕೆ ಇದೆ, ಒಬ್ಬಳೂ ಕಸ ಗುಡಿಸುತ್ತಿಲ್ಲ. ಮುದುಕಿ ಎಂದು ಹೆಸರು ಬರೆದ ಎಲೆಯಲ್ಲೂ ಇದ್ದದ್ದು ಹುಡುಗಿಯೇ, ಕೂದಲಿಗೆ ಮಾತ್ರ ಬಿಳಿ ಬಣ್ಣ ಹಚ್ಚಿದ್ದರು.

ಮೂರನೆಯದು ಕಾಡಿನದು. ಜಿಂಕೆಯ ಕೋಡಿರುವ ಒಬ್ಬ ದೇವರು, ಬತ್ತಲೆ ನಿಂತ ಚಂದ್ರನ ದೇವಿ, ಎಲ್ಲೆಲ್ಲೂ ಸೊಪ್ಪು. ರಾಜನಾದರೂ ಸೊಪ್ಪಿನ ಕಿರೀಟ, ಸಾವಾದರೂ ಸೊಪ್ಪು ಹೊದ್ದ ಎಲುಬು. ಚಿತ್ರಕಾರನಿಗೆ ಕೈಬೆರಳು ಬರೆಯಲು ಬರುತ್ತಿರಲಿಲ್ಲವೆಂದು ಕಾಣುತ್ತದೆ, ಎಲ್ಲರ ಕೈಗಳನ್ನೂ ಪೊದೆಯೊಳಗೆ ಮುಚ್ಚಿದ್ದ. ಹಸಿರು ಮಾಸಲು. ಕಾಗದವಂತೂ ತೀರಾ ಕಳಪೆ, ಲೇಪವಿಲ್ಲದ ಒರಟು ಕಾಗದ. ಚಹಾ ಕುಡಿದ ಬೆರಳಲ್ಲಿ ಮುಟ್ಟಿದೆ, ಕಲೆ ಹಾಗೇ ಉಳಿಯಿತು.

"ಮೊದಲನೇದು ಇಟ್ಕೋ. ಮೂರನೇದು ವಾಪಸ್ ಕಳಿಸು. ಅದು ನೀರು ಬಿದ್ರ ಸತ್ತು ಹೋಗತೈತಿ" ಎಂದೆ.

"ನೋಡ್ತೀನಿ" ಎಂದು ತಂಗಿ ಮೂರನ್ನೂ ಚೀಲಕ್ಕೆ ಹಾಕಿಕೊಂಡಳು.

ಅಂಗಡಿಗೆ ವಾರದ ರಜೆ ಇದ್ದ ದಿನ ನಾನು ಅಣ್ಣನ ಮನೆಗೆ ಹೋದೆ. ನಡುಮನೆಯಲ್ಲಿ ಅತ್ತೆ, ನಮ್ಮ ತಂದೆಯ ಅಕ್ಕ, ಚಾಪೆಯ ಮೇಲೆ ಕೂತು ಆ ಎಲೆಗಳನ್ನು ಹರಡಿಕೊಂಡಿದ್ದಳು. ಅತ್ತೆಯನ್ನು ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಿಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ವಾಪಸ್ ಬಂದವಳು ಮತ್ತೆ ಹೋಗಲಿಲ್ಲ. ಏಕೆ ಬಂದಳು ಎಂದು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಪೂಜೆ ಮತ್ತು ವಿಭೂತಿ ಎಂದೇ ನಾವೆಲ್ಲ ತಿಳಿದಿದ್ದೆವು. ಮನೆಗೆ ಯಾವ ಹೊಸ ವಸ್ತು ಬಂದರೂ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿಂದ ಮೂರು ಗೆರೆ ಎಳೆಯದೆ ಅವಳು ಬಿಡುವುದಿಲ್ಲ. ನಮ್ಮ ಮಿಕ್ಸಿಗೆ ಗೆರೆ, ಫ್ರಿಜ್ಜಿಗೆ ಗೆರೆ, ಅಣ್ಣನ ಸ್ಕೂಟಿಗೆ ಗೆರೆ. ವಾಷಿಂಗ್ ಮಷೀನು ತಂದ ದಿನ ಎಷ್ಟು ಹಚ್ಚಿದಳೆಂದರೆ ಮೊದಲು ಒಗೆದ ಬಟ್ಟೆಗಳೆಲ್ಲ ಭಕ್ತಿಯಿಂದ ಹೊರಗೆ ಬಂದವು.

"ಕೋಡು ಅದಾವ ನೋಡು. ಇದು ನಮ್ಮ ನಂದಿನ ಇರಬೇಕು" ಎಂದು ಅತ್ತೆ ಕೋಡಿನ ದೇವರಿಗೆ ಕೈಮುಗಿದಳು.

"ನಂದಿ ಅಲ್ಲ ಅತ್ತಿ, ಅದು ಜಿಂಕಿ ಕೋಡು" ಎಂದೆ.

"ಅವರ ದೇಶದಾಗ ಎತ್ತು ಸಿಗೋದಿಲ್ಲೇನೋ, ಪಾಪ" ಎಂದಳು.

ಒಂದೊಂದು ಎಲೆ ಎತ್ತಿ ಇದು ಬಂದರೆ ಏನು, ಅದು ಬಂದರೆ ಏನು ಎಂದು ಕೇಳುತ್ತಾ ಹೋದಳು. ತಂಗಿ ಬೇಸರವಿಲ್ಲದೆ ಹೇಳುತ್ತಿದ್ದಳು. ಕಾಡಿನ ಕಟ್ಟಿನಲ್ಲಿ ಒಂದು ಎಲೆ ಇತ್ತು. ದೊಡ್ಡ ಮರಕ್ಕೆ ಸಿಡಿಲು ಬಡಿದು ಸೀಳಿದೆ, ಅದರ ಮೇಲಿದ್ದ ಗಂಡಸು ಹೆಂಗಸು ಇಬ್ಬರೂ ಕೆಳಗೆ ಬೀಳುತ್ತಿದ್ದಾರೆ.

"ಇದು ಬಂದ್ರ?"

"ಮನಿ ಮುರಿತೈತಿ ಅಂತ ಅತ್ತಿ. ಎಲ್ಲಾದಕ್ಕಿಂತ ಕೆಟ್ಟದ್ದು ಇದ. ಬ್ಯಾರೆ ಕಟ್ಟಿನಾಗ ಗೋಪುರ ಇರತೈತಿ, ಇದರಾಗ ಗಿಡ."

"ಅಯ್ಯ, ಗಿಡ ಚಲೋ ಇತ್ತಲ್ಲ" ಎಂದು ಅತ್ತೆ ಅದನ್ನು ಕೆಳಗಿಟ್ಟಳು.

ನಾವಿಬ್ಬರೂ ಅಡಿಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಅತ್ತೆ ಮೂರು ಕಟ್ಟುಗಳನ್ನೂ ಜೋಡಿಸಿ, ಮೂರಕ್ಕೂ ಮೇಲಿನ ಎಲೆಯ ಬೆನ್ನಿಗೆ ವಿಭೂತಿ ಎಳೆದು, ಮುಂದೆ ಊದಿನಕಡ್ಡಿ ಹಚ್ಚಿ ಕೂತಿದ್ದಳು. ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಒಕ್ಕಣ್ಣಿನ ದೇವರು, ಪೊರಕೆಯ ಮಾಟಗಾತಿ, ಕೋಡಿನವನು, ಎಲ್ಲರೂ ಒಂದೇ ಮಧ್ಯಾಹ್ನ ಶೈವರಾಗಿದ್ದರು. ನಾನು ಬಟ್ಟೆ ತಂದು ಒರೆಸಿದೆ. ನುಣುಪಿನ ಎರಡು ಕಟ್ಟುಗಳಿಂದ ವಿಭೂತಿ ಹೋಯಿತು. ಕಾಡಿನ ಕಟ್ಟಿನ ಒರಟು ಕಾಗದ ಹೀರಿಕೊಂಡುಬಿಟ್ಟಿತ್ತು. ಎಷ್ಟು ಉಜ್ಜಿದರೂ ಮೂರು ಮಂಕು ಗೆರೆ, ಸ್ವಲ್ಪ ತರಿತರಿ, ಉಳಿದೇ ಉಳಿಯಿತು.

"ಹಾಳಾತು. ಇನ್ನ ವಾಪಸ್ಸೂ ತಗೊಳೋದಿಲ್ಲ" ಎಂದು ನಾನು ಅತ್ತೆಯ ಮೇಲೆ ರೇಗಿದೆ. ಅತ್ತೆ ಚಹಾ ಊದಿಕೊಂಡು ಕುಡಿಯುತ್ತಿದ್ದಳು. ತಂಗಿ ಆ ಎಲೆಯನ್ನು ಎತ್ತಿ, ತಿರುಗಿಸಿ ಚಿತ್ರ ನೋಡಿ, ಮತ್ತೆ ಬೆನ್ನು ನೋಡಿ, ಬೆರಳಾಡಿಸಿ, ಕಟ್ಟಿನ ಒಳಗೆ ಸೇರಿಸಿದಳು.

"ಅಕ್ಕಾ, ನನಗ ಇದ ಇಷ್ಟ" ಎಂದಳು.

"ಯಾವುದು? ಈ ಸೊಪ್ಪಿನ ಅಂಗಡಿನಾ?"

"ಹ್ಞೂ. ನನ್ನ ಕೈಗೆ ಹೊಂದತೈತಿ."

ಉದ್ದ ಉಗುರಿನವಳ ಮಾತು ನನ್ನ ತಂಗಿಯ ಬಾಯಲ್ಲಿ ಕೇಳಿ ನನಗೆ ಅಸಹ್ಯವಾಯಿತು. ಇವಳ ಗತಿ ಮುಗಿಯಿತು, ಇವಳು ರಾಯಚೂರಿಗೆ ಹೋಗಿ ಸಾಹುಕಾರನ ಮಕ್ಕಳಿಗೆ ಡಬ್ಬಿ ಕಟ್ಟುತ್ತಾ, ಮಧ್ಯಾಹ್ನ ಎಲೆ ಬಿಡಿಸುತ್ತಾ ಕೂರುತ್ತಾಳೆ ಎಂದು ಮನಸ್ಸಿನಲ್ಲೇ ಕೈತೊಳೆದುಕೊಂಡೆ. ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಗಿತ್ತು.

ಹೇಳಿದ ದಿನ ಗಂಡಿನ ಅಕ್ಕ ಕಾರಿನಲ್ಲಿ ಬಂದಿಳಿದಳು. ಗಂಡಿಗೆ ಹತ್ತಿಯ ಸೀಸನ್ ಇದ್ದದ್ದರಿಂದ ಬರಲಾಗಲಿಲ್ಲವಂತೆ. ಹತ್ತಿ ಬಿಟ್ಟು ಹೆಂಡತಿ ನೋಡಲು ಯಾರು ಬರುತ್ತಾರೆ? ಕೈತುಂಬ ಬಂಗಾರ, ಕೈಗೊಂದು ದೊಡ್ಡ ಫೋನು. ಅವಳುಟ್ಟ ಸೀರೆಗೂ ಬ್ಲೌಸಿಗೂ ಹೊಂದಿಕೆಯಾಗಿರಲಿಲ್ಲ, ಟ್ಯೂಬ್‌ಲೈಟಿನಲ್ಲಿ ಆರಿಸಿದ್ದು ಎಂದು ನೋಡಿದ ಕೂಡಲೆ ಗೊತ್ತಾಯಿತು. ತಂಗಿಗೆ ಮೊಣಕಾಲು ನೋವು ಇದೆಯೇ, ಬೆಳಿಗ್ಗೆ ಬೇಗ ಏಳುವ ರೂಢಿ ಇದೆಯೇ, ರೊಟ್ಟಿ ತೆಳ್ಳಗೆ ಬರುತ್ತವೆಯೇ ಎಂದೆಲ್ಲ ಕೇಳಿದಳು. ಅಣ್ಣ ಎಲ್ಲದಕ್ಕೂ ತಾನೇ ಉತ್ತರ ಕೊಟ್ಟ. ತನ್ನ ತಂಗಿಯ ಮೊಣಕಾಲಿನ ವಿಷಯ ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತೆಂದು ನನಗೆ ಅಂದೇ ತಿಳಿದದ್ದು.

ಚಹಾ ಮುಗಿದ ಮೇಲೆ ಆ ಹೆಂಗಸು ತಂಗಿಯ ಕಡೆ ತಿರುಗಿ, "ಎಲ್ಲಿ ನಿಮ್ಮ ಕಾರ್ಡ್ಸು? ಫೋನಿನಾಗ ಹೇಳಿದ್ರಲ್ಲ, ತರಿಸೀನಿ ಅಂತ! ನಾ ದಿನಾ ಮುಂಜಾನೆ ವಿಡಿಯೋದಾಗ ಕಾರ್ಡ್ ನೋಡದ ಮನಿ ಹೊರಗ ಕಾಲಿಡಂಗಿಲ್ಲ ನೋಡ್ರಿ" ಎಂದಳು. ಅಣ್ಣ ಹಲ್ಲು ಕಿರಿದ. ನಾನು ತಂಗಿಯ ಮುಖ ನೋಡಿದೆ. ಇವರಿಬ್ಬರೂ ಫೋನಿನಲ್ಲಿ ಮಾತಾಡಿದ್ದು, ಈ ಹೆಂಗಸಿನ ಹುಚ್ಚು ತಂಗಿಗೆ ಮೊದಲೇ ತಿಳಿದಿದ್ದು ನನಗೆ ಆಗ ಹೊಳೆಯಿತು.

ತಂಗಿ ಕಾಡಿನ ಕಟ್ಟು ತಂದಳು. ಚೆನ್ನಾಗಿ ಕಲಸಿ, ಎಲೆಗಳನ್ನು ಬೋರಲಾಗಿ ಚಾಪೆಯ ಮೇಲೆ ಬೀಸಣಿಗೆಯ ಹಾಗೆ ಹರಡಿದಳು.

"ಯಾರ ಮದುವಿ ಕೇಳ್ತೀವೋ ಅವರ ತೆಗೀಬೇಕಂತಾರ. ಖರೇ ಏನ್ರಿ?" ಎಂದು ವಿನಯದಿಂದ ಕೇಳಿದಳು.

"ಖರೇ, ಖರೇ. ನೀವ ತೆಗೀಬೇಕು. ಕಣ್ಣು ಮುಚ್ಚಿ, ಒಂದ ಒಂದು" ಎಂದಳು ಪಂಡಿತೆ.

ತಂಗಿ ಕಣ್ಣು ಮುಚ್ಚಿದಳು. ಎಲೆಗಳ ಬೆನ್ನಿನ ಮೇಲೆ ಬೆರಳುಗಳನ್ನು ಮೆಲ್ಲಗೆ ಹಾಯಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಮೂರು ಮಂಕು ಗೆರೆ ಇದ್ದವು, ಸಂಜೆಯ ಹೊತ್ತಿಗೆ ಹಣೆಯ ಮೇಲೆ ಉಳಿಯುವ ವಿಭೂತಿಯಷ್ಟೇ. ತಂಗಿ ಎಲೆಯನ್ನು ತಿರುವಿ ಹಾಕಿದಳು. ಸಿಡಿಲು, ಸೀಳಿದ ಮರ, ಬೀಳುತ್ತಿರುವ ಇಬ್ಬರು.

ಆ ಹೆಂಗಸಿನ ಕೈ ಎದೆಗೆ ಹೋಯಿತು. "ಶಿವನೇ! ಮನಿ ಬೀಳೋ ಕಾರ್ಡು!"

"ಅವೆಲ್ಲ ಆಟ ಬಿಡ್ರಿ ಅಕ್ಕಾರ. ನಮಗ ಗುಡ್ಯಾಗ ಹೂ ಆಗೈತಿ, ಬಲಕ್ಕ ಆಗೈತಿ" ಎಂದು ಅಣ್ಣ ಮೇಲೆದ್ದ.

"ನಿಮಗ ಹೂ ಆಗಿರಬೇಕ್ರಿ. ಬೀಳೋದು ನಮ್ಮ ಮನಿ" ಎಂದಳು ಅವಳು, ಚಪ್ಪಲಿ ಹುಡುಕುತ್ತಾ.

ಕಾರು ಹೋದ ಮೇಲೆ ಅಣ್ಣ ಕೂಗಾಡಿದ. ಎಲೆಗಳನ್ನು ಒಲೆಗೆ ಹಾಕುತ್ತೇನೆ ಎಂದ. ಚಿತ್ರ ಬರೆದ ಕಾಗದ ನಂಬಿ ಸಂಬಂಧ ಬಿಡುವ ಮೂರ್ಖರು ಎಂದು ರಾಯಚೂರಿನವರನ್ನೆಲ್ಲ ಬಯ್ದ. ತಾನು ಒಂದು ದಾಸವಾಳದ ಹೂ ನಂಬಿ ಸಂಬಂಧ ಕುದುರಿಸಿದ್ದು ಅವನಿಗೆ ನೆನಪಾಗಲಿಲ್ಲ, ನಾನು ನೆನಪಿಸಿದೆ. ಅವನು ನನ್ನ ಜೊತೆ ಮಾತು ಬಿಟ್ಟ. ತಂಗಿ ಮರುದಿನ ಎಂದಿನಂತೆ ಅಂಗಡಿಗೆ ಬಂದು, ಶಟರ್ ಎತ್ತಿ, ಕಸ ಗುಡಿಸಿ, ಮಿರ್ಚಿ ಬಜ್ಜಿಗೆ ಹೇಳಿ ಕಳಿಸಿದಳು.

ಸ್ವಲ್ಪ ದಿನ ಬಿಟ್ಟು ಅತ್ತೆ ಲೈನಿಂಗ್ ಬಟ್ಟೆಗೆಂದು ಅಂಗಡಿಗೆ ಬಂದಳು. ತಂಗಿ ಊಟಕ್ಕೆ ಹೋಗಿದ್ದಳು. ನನಗೆ ಅತ್ತೆಯನ್ನು ಕೆಣಕುವ ಮನಸ್ಸಾಯಿತು.

"ಅತ್ತಿ, ಜನ್ಮದಾಗ ಒಂದು ಸಲ ನಿನ್ನ ವಿಭೂತಿ ಕೆಲಸಕ್ಕ ಬಂತು ನೋಡು. ನೀ ಕಣ್ಣುಮುಚ್ಚಿ ಮ್ಯಾಲಿನ ಎಲಿಗೆ ಬಳಿದಿ, ಅದು ಅದ ಎಲಿ ಆಗಿತ್ತು. ನಿನ್ನ ನಂದೀನ ಕಾಪಾಡಿದ."

ಅತ್ತೆ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮ್ಯಾಲೆ ಬ್ಯಾರೆ ಇತ್ತವ್ವಾ. ಕೋಲು ಹಿಡಕೊಂಡ ಹುಡುಗಂದು. ಗಿಡದ್ದು ನಡುವ ಸೇರಿತ್ತು. ನೀವು ಚಹಾ ಕಾಸಿಕೊಂಡು ಬರೂದರಾಗ ಹುಡುಕಿ ಮ್ಯಾಲೆ ಇಡಬೇಕಾತು."

ನಾನು ಕತ್ತರಿ ಕೆಳಗಿಟ್ಟೆ.

"ನನ್ನ ಮದುವಿಗೆ ಹೂ ಕೇಳಿದಾಗ ನಾ ಗುಡಿ ಹೊಸ್ತಿಲದಾಗ ನಿಂತಿದ್ದೆ" ಎಂದಳು ಅತ್ತೆ. "ಎಡಗಡಿ ಹೂವಿಗೆ ನೀರು ಹಚ್ಚಿ ಒತ್ತಿ ಕೂಡಿಸಿದ್ರು. ಬಲಗಡೀದು ಸುಮ್ಮನ ಇಟ್ರು. ಅದು ಬೀಳದ ಏನ್ ಮಾಡತೈತಿ?"

"ನೀ ಯಾರಿಗೂ ಹೇಳಲಿಲ್ಲೇನು?"

"ಯಾಕ ಹೇಳಲಿಲ್ಲ? ಅವ್ವಗ ಹೇಳಿದೆ, ಅಪ್ಪಗ ಹೇಳಿದೆ. ಅಳಕೋತ ಹೇಳಿದೆ." ಅತ್ತೆ ಕೌಂಟರಿನ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಇದು ಬಣ್ಣ ಬಿಡತೈತೇನು?"

ನನಗೆ ಸಿಟ್ಟು ಬಂದು ಕಣ್ಣು ತುಂಬಿತು. ಯಾರ ಮೇಲೆ ಎಂದು ಹೇಳಬೇಕಾದರೆ ಸತ್ತವರಿಂದ ಶುರು ಮಾಡಬೇಕಾಗುತ್ತದೆ. ಬಟ್ಟೆಯನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಬಿಡುವುದಿಲ್ಲ ಎಂದು ಹೇಳಿ ಕತ್ತರಿಸಿ ಕೊಟ್ಟೆ.

ಆ ಕಟ್ಟು ಈಗ ನನ್ನ ಅಂಗಡಿಯ ಗಲ್ಲಾದ ಪಕ್ಕದಲ್ಲಿದೆ. ಯಾವ ಗಿರಾಕಿಯಾದರೂ ನೋಡಿ, ಇಂಥವುಗಳಲ್ಲಿ ಯಾವುದು ಚಲೋ ಎಂದು ಕೇಳಿದರೆ, ಇದೇ ಎನ್ನುತ್ತೇನೆ. ಚಿತ್ರಕಾರನಿಗೆ ಕೈ ಬರೆಯಲು ಬರುವುದಿಲ್ಲ, ಹಸಿರು ಮಾಸಲು, ಕಾಗದ ಕಳಪೆ. ಆದರೆ ಅತ್ತೆ ಹೇಳಿದ್ದನ್ನು ನಮ್ಮ ಮನೆಯಲ್ಲಿ ಮೊದಲ ಸಲ ಹಿಡಿದಿಟ್ಟುಕೊಂಡದ್ದು ಈ ಕಳಪೆ ಕಾಗದವೇ.